ಅಪ್ಪ ಒಂದೇ ದಿನಕ್ಕೆ ತಂಬಾಕು ಬಿಟ್ಟರು, ನನಗೆ 21 ದಿನ ದಾಟಲು ಆಗ್ತಿಲ್ಲ. ಏನು ಫರಕು?

ದುರ್ಗದಬೈಲ್_ಮಂದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಬೇಡಿ.

ನನಗೆ 34 ವರ್ಷ. ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಕಾಲೇಜಿನಲ್ಲಿದ್ದಾಗ ಗುಟ್ಕಾ ಶುರುವಾಯಿತು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧ ಆದಾಗ ನಿಜವಾಗಿ ಖುಷಿಪಟ್ಟಿದ್ದೆ. ಸಿಗದಿದ್ದರೆ ತಾನಾಗೇ ಬಿಟ್ಟು ಹೋಗುತ್ತೆ ಅಂದುಕೊಂಡೆ. ಏನಾಯ್ತು? ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಬೇರೆ ಬೇರೆ ಸರ ಆಗಿ ಅಂಗಡಿ ಮುಂದೆ ನೇತಾಡತೊಡಗಿದವು. ಎರಡನ್ನೂ ಹರಿದು, ಒಂದರೊಳಗೆ ಒಂದು ಸುರಿದು, ಅಲ್ಲಾಡಿಸಿ ಬಾಯಿಗೆ ಹಾಕುವುದನ್ನು ಕೈ ಒಂದೇ ವಾರದಲ್ಲಿ ಕಲಿತುಬಿಟ್ಟಿತು. ಈಗ ಪಕ್ಕದವನು ಚೀಟಿ ಅಲ್ಲಾಡಿಸುವ ಸಪ್ಪಳ ಕೇಳಿದರೂ ಸಾಕು, ನನ್ನ ಬಾಯಲ್ಲಿ ನೀರು ಬರುತ್ತೆ.

ಬಿಡಲು 11 ಸಲ ನೋಡಿದ್ದೀನಿ. ದಿನ ಎಣಿಸುವ ಆ್ಯಪ್ ಹಾಕಿಕೊಂಡಿದ್ದೀನಿ. 21 ದಿನ ತಡೆದರೆ ಯಾವ ಚಟವೂ ಬಿಡುತ್ತೆ ಅಂತ ವಿಡಿಯೋ ನೋಡಿ ನಂಬಿದ್ದೀನಿ. ಒಮ್ಮೆ 16 ದಿನ, ಒಮ್ಮೆ 19 ದಿನ ಆಗಿತ್ತು. ಎರಡೂ ಸಲ ಬಿದ್ದದ್ದು ಒಂದೇ ಜಾಗದಲ್ಲಿ. ಸಂಜೆ ಐದಕ್ಕೆ, ನಾವು ನಾಲ್ಕು ಜನ ನಿಲ್ಲುವ ಚಾದ ಅಂಗಡಿ ಮುಂದೆ.

ಈಗ ಅಪ್ಪನ ಕಥೆ. ನಮ್ಮದು ರೋಣದ ಕಡೆ ಹಳ್ಳಿ. 1996ರಲ್ಲಿ ನಮ್ಮ ಅತ್ತೆಯ ಮದುವೆಗೆ ಸೀರೆ ತರಲು ಅಪ್ಪ ಇಳಕಲ್‌ಗೆ ಹೋಗಿದ್ದರು. ಹೋಗುವಾಗ ಸೊಂಟದಲ್ಲಿ ತಂಬಾಕಿನ ಚಂಚಿ ಇತ್ತು. ಬರುವಾಗ ಇರಲಿಲ್ಲ. ಅಲ್ಲಿ ಮಠದವರು ಚಟ ಬಿಡಿಸಲು ಹಿಡಿಯುವ ಮಹಾಂತ ಜೋಳಿಗೆಗೆ ಹಾಕಿ ಬಂದಿದ್ದರು. ಅವತ್ತಿನಿಂದ ಇವತ್ತಿನವರೆಗೂ ಮುಟ್ಟಿಲ್ಲ. ನಮ್ಮ ಮನೆಗೆ ಯಾರೇ ಬರಲಿ, ನನ್ನನ್ನು ಎದುರಿಗೆ ಕೂರಿಸಿಕೊಂಡು ಈ ಕಥೆ ಆಗಲೇಬೇಕು.

ಅಪ್ಪ ಕಲಿತಿದ್ದು ನಾಲ್ಕನೇ ಇಯತ್ತೆ. ನಾನು ಬಿ.ಕಾಂ. ಬಾಯಿ ಕ್ಯಾನ್ಸರ್ ಚಿತ್ರ ದಿನಾ ಚೀಟಿ ಮೇಲೇ ನೋಡ್ತೀನಿ. ಹಾಗಾದರೆ ಅವರ ಮನಸ್ಸು ಗಟ್ಟಿ, ನನ್ನದು ಸಡಿಲಾ? ಅಥವಾ ಆ ಊರು, ಆ ಮಠ, ಆ ಪದ್ಧತಿ ಎಲ್ಲಾ ಸೇರಿ ಅವರ ಪರವಾಗಿ ಅರ್ಧ ಕೆಲಸ ಮಾಡಿದವಾ? ಮನುಷ್ಯ ಬದಲಾಗುವುದು ಒಳಗಿನಿಂದಲಾ, ಹೊರಗಿನಿಂದಲಾ? ತಿಳಿದವರು ಹೇಳಿ. 'ಮನಸ್ಸಿದ್ದರೆ ಮಾರ್ಗ' ಅನ್ನೋ ಉಪದೇಶ ಮಾತ್ರ ಬೇಡ, ಅದು ಮನೆಯಲ್ಲೇ ಬೇಕಾದಷ್ಟು ಸಿಗುತ್ತೆ.

ಗದಗ_ಮಾಸ್ತರ್:

ತಮ್ಮಾ, ನಾನು 31 ವರ್ಷ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿದವನು. ಔಷಧ ಗೊತ್ತಿಲ್ಲ. ಮಂದಿ ಅಷ್ಟಿಷ್ಟು ಗೊತ್ತು.

ಆ ಜೋಳಿಗೆಯ ಜಾಣತನ ಎಲ್ಲಿದೆ ಅಂತ ನೋಡು. ಚಿತ್ತರಗಿ ಇಳಕಲ್ ಮಠದ ಡಾ. ಮಹಾಂತ ಸ್ವಾಮಿಗಳು ಇದನ್ನು 1975ರಲ್ಲಿ ಶುರು ಮಾಡಿದರು. ಜಂಗಮರು ಜೋಳಿಗೆ ಹಿಡಿದು ಮನೆ ಮುಂದೆ ಬರುವುದು ನಮ್ಮ ಕಡೆಗೆ ಹೊಸದಲ್ಲ. ಅಜ್ಜ ಮುತ್ತಜ್ಜರ ಕಾಲದಿಂದ ಜೋಳ, ಹಿಟ್ಟು ನೀಡಿ ಗೊತ್ತಿದೆ. ಇವರು ಅದೇ ಜೋಳಿಗೆ ತಂದು, ಕಾಳು ಬೇಡ, ದುಡ್ಡು ಬೇಡ, ನಿನ್ನ ಚಟ ಹಾಕು ಅಂದರು. ಕುಡಿತ, ಬೀಡಿ, ತಂಬಾಕು, ಇಸ್ಪೀಟು, ಏನಿದೆಯೋ ಅದು. ಜೋಳಿಗೆಗೆ ಹಾಕಿದ್ದನ್ನು ತಿರುಗಿ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ, ಅಲ್ವಾ? ಅದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ, ಸಣ್ಣವರಿದ್ದಾಗಲೇ ಮೈಗೆ ಹತ್ತಿರುತ್ತದೆ. ನಿಮ್ಮಪ್ಪ ಅವತ್ತು ತಂಬಾಕನ್ನು ಕೊಟ್ಟುಬಿಟ್ಟರು. ನೀನು ಬಿಡಲು ನೋಡುತ್ತಿದ್ದೀಯಾ. ಬಿಡುವುದಾದರೆ ದಿನಾ ಬಿಡಬೇಕು, ದಿನಾ ನಿನ್ನ ಜೊತೆ ನೀನೇ ವಾದ ಮಾಡಬೇಕು. ಕೊಟ್ಟದ್ದು ಒಮ್ಮೆ ಕೊಟ್ಟಾಯ್ತು, ಮತ್ತೆ ಬಾಯಿಗೆ ಹಾಕಿದರೆ ಅದು ದಾನ ತಿರುಗಿ ಇಸಗೊಂಡ ಹಾಗೆ.

ನಿನ್ನ ಆ್ಯಪ್‌ಗೆ ಕೊಟ್ಟ ಮಾತು ತಪ್ಪಿದರೆ ಏನಾಗುತ್ತೆ? ಸೊನ್ನೆಗೆ ಬರುತ್ತೆ, ಅಷ್ಟೇ. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಅದು ಎದುರಾಗಿ 'ಯಾಕಲೇ ತಮ್ಮಾ' ಅಂತ ಕೇಳುವುದಿಲ್ಲ.

ಇದನ್ನು ಬರೀ ಭಕ್ತಿಯ ಮಾತು ಅಂತ ತಳ್ಳಬೇಡ. ಕರ್ಟ್ ಲೆವಿನ್ ಅಂತ ಒಬ್ಬ ಮನಃಶಾಸ್ತ್ರಜ್ಞ. ಯಹೂದಿ, ಹಿಟ್ಲರ್ ಬಂದ ಮೇಲೆ 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದವನು. ಎರಡನೇ ಮಹಾಯುದ್ಧ ನಡೆದಾಗ ಅಲ್ಲಿ ಒಳ್ಳೆಯ ಮಾಂಸ ಎಲ್ಲಾ ಸೈನಿಕರಿಗೆ ಹೋಗುತ್ತಿತ್ತು. ಮನೆಯವರು ಹೃದಯ, ಮೂತ್ರಪಿಂಡ ಇಂಥದ್ದನ್ನು ತಿನ್ನಲಿ ಅಂತ ಸರ್ಕಾರದ ಆಸೆ. ಅವರೋ, ಛೀ ಅಂತ ಮೂಗು ಮುರಿಯುವವರು. ಲೆವಿನ್ ಕೆಲವು ಗೃಹಿಣಿಯರ ಗುಂಪುಗಳಿಗೆ ಭಾಷಣ ಮಾಡಿಸಿದ. ಜೀವಸತ್ವ ಎಷ್ಟು, ಉಳಿತಾಯ ಎಷ್ಟು, ಅಡುಗೆ ಮಾಡುವುದು ಹೇಗೆ, ಎಲ್ಲಾ ಚೆನ್ನಾಗಿ ಹೇಳಿಸಿದ. ಬೇರೆ ಗುಂಪುಗಳನ್ನು ಸುಮ್ನೆ ಕೂರಿಸಿ, ನಿಮ್ಮಂಥ ಹೆಂಗಸರಿಗೆ ಇದರಲ್ಲಿ ಏನು ತೊಂದರೆ ಅಂತ ತಮ್ಮತಮ್ಮಲ್ಲೇ ಮಾತಾಡಲು ಬಿಟ್ಟ. ಗಂಡ ತಿನ್ನಲ್ಲ, ವಾಸನೆ ಬರುತ್ತೆ, ಹೀಗೆಲ್ಲ ಮಾತು ಆಯ್ತು. ಕೊನೆಗೆ, ಈ ವಾರ ಯಾರು ಮಾಡಿ ನೋಡ್ತೀರಿ, ಕೈ ಎತ್ತಿ ಅಂದರು. ಆಮೇಲೆ ವಿಚಾರಿಸಿದರೆ, ಹಿಂದೆ ಎಂದೂ ಮಾಡದ ಅಡುಗೆ ಮಾಡಿದವರು ಭಾಷಣ ಕೇಳಿದವರಲ್ಲಿ ನೂರಕ್ಕೆ 3, ಕೂತು ಮಾತಾಡಿ ಕೈ ಎತ್ತಿದವರಲ್ಲಿ ನೂರಕ್ಕೆ 32. ಜೀವನವಿಡೀ ಭಾಷಣ ಮಾಡಿದ ನನಗೆ ಈ ಲೆಕ್ಕ ಓದಿದಾಗ ಸ್ವಲ್ಪ ಹೊಟ್ಟೆಯಲ್ಲಿ ಸಂಕಟವೇ ಆಯಿತು.

ಅಷ್ಟು ದೂರ ಯಾಕೆ, ನಮ್ಮ ಗದುಗಿನ ಪಕ್ಕದ ಕಣಗಿನಹಾಳ ನೋಡು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಹಕಾರಿ ಸಂಘ ಕಟ್ಟಿದರು. ಆಗಿನ ಕಾಯ್ದೆಯಲ್ಲಿ ಹಳ್ಳಿ ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಹೊಣೆ. ಒಬ್ಬ ಕಟ್ಟದಿದ್ದರೆ ಉಳಿದವರ ಬುಡಕ್ಕೆ ಬರುತ್ತಿತ್ತು. ಸಾಲ ತೀರಿಸುವ ಬುದ್ಧಿ ಅವರಿಗೆ ಒಳಗಿನಿಂದ ಬಂತಾ, ಹೊರಗಿನಿಂದ ಬಂತಾ? ನೀನೇ ಲೆಕ್ಕ ಬರೆಯುವವನು, ಹೇಳು.

ಸಂಜೆ_ಗಿರ್ಮಿಟ್:

ಅಣ್ಣಾ, ಮೊದಲು ಆ ಚಾದ ಅಂಗಡಿ ಬದಲು ಮಾಡು. ಉಳಿದಿದ್ದು ಆಮೇಲೆ. ಹುಬ್ಬಳ್ಳಿಯಲ್ಲಿ ಚಾಕ್ಕೇನು ಬರ ಇಲ್ಲ.

ಧಾರವಾಡ_ಮಳಿ:

ಧಾರವಾಡದಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ಮಾಸ್ತರ್ ಹೇಳಿದ್ದಕ್ಕೆ ಅರ್ಧ ಒಪ್ಪಿಗೆ. ಆದರೆ ಮೇಲಿನ ಒಂದು ಸಾಲಿನ ಉತ್ತರವೇ ನನಗೆ ಜಾಸ್ತಿ ಸರಿ ಅನ್ನಿಸಿತು, ಮಾಸ್ತರ್ ಸಿಟ್ಟಾಗಬಾರದು.

ಮೊದಲು ಆ 21 ದಿನದ ಕಥೆ ಮುಗಿಸೋಣ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅಂತ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್. ಮೂಗು, ಮುಖ ಸರಿಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಹೊಸ ಮುಖ ರೂಢಿಯಾಗಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂತ 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುತ್ತಾ ಆ 'ಕಡಿಮೆ ಅಂದರೂ' ಬಿದ್ದುಹೋಯಿತು, ಮೂಗು ಹೋಗಿ ಚಟ ಬಂತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಜನರ ಮೇಲೆ ಒಂದು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಊಟದ ಜೊತೆ ನೀರು ಕುಡಿಯುವಂಥ ಸಣ್ಣ ಅಭ್ಯಾಸ ತಾನಾಗೇ ಬರುವಂತಾಗಲು ಸರಾಸರಿ 66 ದಿನ ಬೇಕಾಯಿತು. ಆದರೆ ಕೆಲವರಿಗೆ 18 ದಿನ ಸಾಕಾಗುವ ಅಂದಾಜು, ಕೆಲವರಿಗೆ 254 ದಿನ! ನಡುವೆ ಒಂದು ದಿನ ತಪ್ಪಿದರೆ ಅಷ್ಟೇನೂ ಹಾಳಾಗಲಿಲ್ಲ ಅನ್ನೋದೂ ಅದರಲ್ಲೇ ಇದೆ. ಅದು ಹೊಸ ಅಭ್ಯಾಸ ಕಲಿಯುವ ಮಾತು, ತಂಬಾಕು ಬಿಡುವುದು ಇನ್ನೂ ಬೇರೆ. ಹಾಗಾಗಿ 19ನೇ ದಿನ ಬಿದ್ದವನ ಆ್ಯಪ್ ಸೊನ್ನೆ ತೋರಿಸಿದರೆ ಆ ಆ್ಯಪ್‌ಗೆ ಲೆಕ್ಕ ಬರಲ್ಲ ಅಂತ ತಿಳಿಯಿರಿ.

ನಿಕೋಟಿನ್ ಬಿಟ್ಟಾಗ ಮೈ ಕೇಳುವುದು ಮೊದಲ ಮೂರ್ನಾಲ್ಕು ದಿನ ಜೋರು. ಸಿಟ್ಟು, ನಿದ್ದೆ ಕೆಡೋದು, ತಲೆ ನಿಲ್ಲದಿರೋದು. ಮೂರ್ನಾಲ್ಕು ವಾರದಲ್ಲಿ ಬಹಳಷ್ಟು ಇಳಿಯುತ್ತೆ. ನೀವು 16, 19 ದಿನ ತಡೆದಿದ್ದೀರಿ ಅಂದರೆ ಆ ಏರು ಹತ್ತಿ ಆಗಿತ್ತು. ಬೀಳಿಸಿದ್ದು ಐದು ಗಂಟೆ, ಆ ಜಾಗ, ಆ ಸಪ್ಪಳ. ಚೀಟಿ ಅಲ್ಲಾಡಿಸಿದರೆ ಬಾಯಲ್ಲಿ ನೀರು ಬರುತ್ತೆ ಅಂದಿರಲ್ಲ, ಮುಂದಿನ ಸಲ ತರಗತಿಯಲ್ಲಿ, ಊಟದ ಸಪ್ಪಳ ಕೇಳಿದರೇ ಜೊಲ್ಲು ಸುರಿಸುತ್ತಿದ್ದ ಪಾವ್ಲೋವ್ ನಾಯಿ ಬಿಟ್ಟು ನಿಮ್ಮನ್ನೇ ಹೇಳ್ತೀನಿ, ಕ್ಷಮಿಸಿ.

ಜಾಗ ಎಷ್ಟು ಕೆಲಸ ಮಾಡುತ್ತೆ ಅನ್ನೋದಕ್ಕೆ ನಾನು ಯಾವಾಗಲೂ ಹೇಳೋದು ವಿಯೆಟ್ನಾಂ ಸೈನಿಕರ ಸುದ್ದಿ. 1971ರ ಹೊತ್ತಿಗೆ ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಹೆರಾಯಿನ್ ಬಳಕೆ ವಿಪರೀತ ಇತ್ತು. ಸುಮಾರು ಐದರಲ್ಲಿ ಒಬ್ಬ, ತಾನು ಅಲ್ಲಿ ಅದಕ್ಕೆ ದಾಸನಾಗಿದ್ದೆ ಅಂತ ಒಪ್ಪಿಕೊಂಡ. ಇವರೆಲ್ಲ ಊರಿಗೆ ಬಂದರೆ ಗತಿ ಏನು ಅಂತ ಸರ್ಕಾರ ಹೆದರಿತ್ತು. ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಹಿಂಬಾಲಿಸಿ ನೋಡಿದರು. ಅಲ್ಲಿ ದಾಸರಾಗಿದ್ದವರಲ್ಲಿ, ಬಂದ ಮೊದಲ ವರ್ಷ ಮತ್ತೆ ಆ ಸ್ಥಿತಿಗೆ ಹೋದವರು ನೂರಕ್ಕೆ ಸುಮಾರು 5 ಅಷ್ಟೇ. ಊರಿನಲ್ಲಿ ಹೆರಾಯಿನ್ನಿನ ದುಬಾರಿ ಬೆಲೆ, ಪೊಲೀಸರ ಭಯ, ಮನೆಯವರ ಕಣ್ಣು ಎಲ್ಲಾ ಇದ್ದವು, ಒಪ್ಪಿದೆ. ಆದರೆ ಆ ಕಾಡು, ಆ ಬೇಸರ, ಆ ಗೆಳೆಯರು ಮಾತ್ರ ಇರಲಿಲ್ಲ. ಸಂಸ್ಕೃತಿ ಅಂತ ದೊಡ್ಡ ಮಾತಲ್ಲಿ ಕರೆಯೋದು ಎಷ್ಟೋ ಸಲ ಇಷ್ಟೇ ಇರುತ್ತೆ. ಯಾರ ಜೊತೆ, ಎಲ್ಲಿ, ಎಷ್ಟು ಗಂಟೆಗೆ ನಿಲ್ತೀವಿ ಅನ್ನೋದು.

ಸಹಾಯ ಬೇಕಿದ್ದರೆ ತಂಬಾಕು ಬಿಡಿಸುವ ರಾಷ್ಟ್ರೀಯ ಉಚಿತ ಸಂಖ್ಯೆ 1800-11-2356 ಇದೆ, ಕನ್ನಡದಲ್ಲೇ ಮಾತಾಡಬಹುದು. ನಿಕೋಟಿನ್ ಗಮ್ ಬೇಕಾ ಬೇಡವಾ ಅಂತ ಡಾಕ್ಟರನ್ನು ಕೇಳಿ. ಧಾರವಾಡದ ನಮ್ಮ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೂ ಬರಬಹುದು. ಇಲ್ಲಿ ಒಂದು ತಮಾಷೆ ನೋಡಿ. ಆ ಆಸ್ಪತ್ರೆಯ ಬೇರು 1845ರಷ್ಟು ಹಳೆಯದು, ಆದರೆ ನಮ್ಮ ಕಡೆ ಇವತ್ತಿಗೂ ಯಾರಾದರೂ ವಿಚಿತ್ರವಾಗಿ ಆಡಿದರೆ 'ಇವನ್ನ ಧಾರವಾಡಕ್ಕ ಕಳಸ್ರೆಪಾ' ಅಂತಾರೆ. ಆ ಒಂದು ಚೇಷ್ಟೆಗೆ ಹೆದರಿ ಎಷ್ಟು ಜನ ಗೇಟಿನ ತನಕ ಬಂದು ತಿರುಗಿ ಹೋಗಿದ್ದಾರೋ.

ಬ್ಯಾಡಗಿ_ಖಾರ:

ಜೋಳಿಗೆ, ಆಣೆ, ಊರ ಮುಂದೆ ಮಾತು, ಇದನ್ನೆಲ್ಲ ಹೊಗಳುವ ಮೊದಲು ನನ್ನದೊಂದು ಕೇಳಿ.

ನಮ್ಮ ಕಾಕಾ ಜಾತ್ರೆಯಲ್ಲಿ ದೇವರ ಮುಂದೆ ಆಣೆ ಮಾಡಿ ತಂಬಾಕು ಬಿಟ್ಟರು. ಮಂದಿ ಚಪ್ಪಾಳೆ ಹೊಡೆದರು. ನಾಲ್ಕು ತಿಂಗಳಿಗೆ ಮತ್ತೆ ಶುರುವಾಯಿತು, ಆದರೆ ಈ ಸಲ ಬಣವಿ ಹಿಂದೆ, ಯಾರಿಗೂ ಕಾಣದ ಹಾಗೆ. ಮೊದಲು ಎಲ್ಲರ ಜೊತೆ ದಿನಕ್ಕೆ ನಾಲ್ಕು ಸಲ ಹಾಕುತ್ತಿದ್ದವರು ಈಗ ಒಬ್ಬರೇ ಎಂಟು ಸಲ. ಬಾಯಲ್ಲಿ ಹುಣ್ಣಾಯಿತು. ತೋರಿಸಿದರೆ ಆಣೆ ತಪ್ಪಿದ್ದು ಗೊತ್ತಾಗುತ್ತೆ ಅಂತ ಎಂಟು ತಿಂಗಳು ಮುಚ್ಚಿಟ್ಟರು. ಖಾರ ತಿನ್ನಲ್ಲ ಅಂದಾಗಲೂ ನಮಗೆ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಖಾರ ಬೇಡ ಅನ್ನೋದು ಅಂದರೆ ಎಷ್ಟು ದೊಡ್ಡ ಮಾತು ಅಂತ ಈಗ ಅನಿಸುತ್ತೆ. ಹುಬ್ಬಳ್ಳಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ತಡವಾಗಿತ್ತು. ಕಾಕಾ ಉಳಿಯಲಿಲ್ಲ.

ಹಾಗಾಗಿ ನಾಚಿಕೆಯಿಂದ ಮನುಷ್ಯ ಬದಲಾಗ್ತಾನೆ ಅನ್ನೋದನ್ನ ನಾನು ಪೂರ್ತಿ ನಂಬಲ್ಲ. ಕೆಲವರು ಬದಲಾಗ್ತಾರೆ, ಕೆಲವರು ಬಣವಿ ಹಿಂದೆ ಹೋಗ್ತಾರೆ. ಬಾಯಲ್ಲಿ ಹುಣ್ಣು, ಬಿಳಿ ಕಲೆ ಎರಡು ಮೂರು ವಾರ ಆದರೂ ಮಾಯದಿದ್ದರೆ ಆಣೆ ಗೀಣೆ ಎಲ್ಲಾ ಪಕ್ಕಕ್ಕಿಟ್ಟು ತೋರಿಸಿ.

ಮತ್ತೆ ಸಂಸ್ಕೃತಿ ಬಿಡಿಸುತ್ತೆ ಅಂತೀರಲ್ಲ, ಹಚ್ಚಿಸಿದ್ದು ಯಾರು? ನಮ್ಮ ಕಡೆ ಮದುವೆಯಲ್ಲಿ ಎಲೆ ಅಡಿಕೆ ತಟ್ಟೆ ಬಂದರೆ ಪಕ್ಕದಲ್ಲಿ ಸುಣ್ಣದ ಜೊತೆ ತಂಬಾಕೂ ಇರುತ್ತೆ. ಬೇಡ ಅಂದರೆ ಮರ್ಯಾದೆ ಕೊಟ್ಟಂತಲ್ಲ. ಹೆಂಗಸರದ್ದು ಇನ್ನೂ ಬೇರೆ. ನಮ್ಮ ಅಮ್ಮ, ಅಂದರೆ ಅಜ್ಜಿ, 40 ವರ್ಷ ಹಲ್ಲಿಗೆ ತಪಕೀರು, ಅಂದರೆ ತಂಬಾಕಿನ ಪುಡಿ, ತಿಕ್ಕಿದವಳು. ಅದನ್ನು ಯಾರೂ ಚಟ ಅನ್ನಲಿಲ್ಲ, 'ಹಲ್ಲು ನೋವಿಗೆ ಹಚ್ಗೋತಾಳ' ಅಂದರು. ಹೆಸರೇ ಇಲ್ಲದ ಚಟವನ್ನು ಯಾವ ಜೋಳಿಗೆಗೆ ಹಾಕೋದು? ಗಂಡಸರು ಊರ ಮುಂದೆ ಬಿಟ್ಟು ದೊಡ್ಡವರಾದರು. ಇವಳು ಹಿತ್ತಲಲ್ಲಿ ಹಚ್ಚಿಕೊಂಡೇ ಹೋದಳು.

ತಮ್ಮಾ, ನೀನು ಮಾತು ಕೊಡುವುದಾದರೆ ಕೊಡು. ಆದರೆ ತಪ್ಪಿದ ದಿನ ಹೇಳಿಕೊಳ್ಳಲು ಒಬ್ಬರನ್ನು ಮೊದಲೇ ಗೊತ್ತು ಮಾಡಿಟ್ಟುಕೋ. ಬೈಯದವರನ್ನು.

ಸಂಜೆ_ಗಿರ್ಮಿಟ್:

ಅಕ್ಕಾರ ಹೇಳಿದ್ದು ಓದಿ ಸುಮ್ಮನೆ ಕೂತೆ ಸ್ವಲ್ಪ ಹೊತ್ತು.

ಆ 'ಒಬ್ಬರು' ಅನ್ನೋದಕ್ಕೆ ಒಂದು ಸೇರಿಸ್ತೀನಿ. ನಮಗೆ ಕಾಲೇಜಿನಲ್ಲಿ ಸಾಲೊಮನ್ ಆ್ಯಶ್ ಪ್ರಯೋಗ ಪಾಠಕ್ಕಿತ್ತು, 1951ರದ್ದು. ಒಂದು ಗೆರೆ ತೋರಿಸಿ, ಮೂರು ಗೆರೆಗಳಲ್ಲಿ ಯಾವುದು ಇದರಷ್ಟೇ ಉದ್ದ ಅಂತ ಕೇಳ್ತಾರೆ. ಚಿಕ್ಕ ಹುಡುಗನೂ ಹೇಳಬಹುದು. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುವವರು. ಪಾಪ, ನಿಜವಾಗಿ ಪರೀಕ್ಷೆಗೆ ಬಂದವನು ಕಣ್ಣಿಗೆ ಕಾಣೋದು ಬಿಟ್ಟು ಅವರ ಹಾಗೇ ಹೇಳಿಬಿಡ್ತಾನೆ, ಸುಮಾರು ಮೂರರಲ್ಲಿ ಒಂದು ಸಲ. ಆದರೆ ಆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಹೀಗೆ ತಲೆಯಾಡಿಸೋದು ಬಹಳ ಕಡಿಮೆಯಾಗುತ್ತೆ. ಅಣ್ಣಾ, ನಿಮ್ಮ ನಾಲ್ಕು ಜನರಲ್ಲಿ ಬಿಡಬೇಕು ಅನ್ನೋ ಇನ್ನೊಬ್ಬ ಇದ್ದೇ ಇರ್ತಾನೆ. ಕೇಳಿ ನೋಡು.

ದುರ್ಗದಬೈಲ್_ಮಂದಿ:

ಎಲ್ಲರಿಗೂ ಶರಣು. ಅಕ್ಕಾರ, ನಿಮ್ಮ ಕಾಕಾನ ಸುದ್ದಿ ಓದಿ ಆ ರಾತ್ರಿ ಕನ್ನಡಿ ಮುಂದೆ ಮೊಬೈಲ್ ಲೈಟ್ ಹಿಡಿದು ಬಾಯಿ ನೋಡಿಕೊಂಡೆ. ಏನಿಲ್ಲ. ಆದರೂ ಸೋಮವಾರ ಡಾಕ್ಟರಿಗೆ ತೋರಿಸ್ತೀನಿ.

ಇದನ್ನೆಲ್ಲ ಓದಿದ ಮೇಲೆ ಅಪ್ಪನಿಗೆ ಫೋನ್ ಮಾಡಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಆ ದಿನ ಅಲ್ಲ, ಅದರ ಮರುದಿನ ಏನಾಯ್ತು ಅಂತ ಕೇಳಿದೆ. ಅಪ್ಪ ನಕ್ಕರು. 'ಯಾರ ಹೇಳ್ಯಾರ ನಿನಗ, ಒಂದ ದಿನಕ್ಕ ಬಿಟ್ಟೆ ಅಂತ? ಕೈಯಾಗಿನ ಚಂಚಿ ಒಂದ ದಿನಕ್ಕ ಹೋತು. ಬಾಯಾಗಿಂದು ಹೋಗಾಕ ಎರಡ ವರ್ಷ ಬೇಕಾತು' ಅಂದರು.

ಆಮೇಲೆ ಒಂದೊಂದೇ ಬಂತು. ಬಂದ ಮರುದಿನವೇ ಅವ್ವ ಹಳೆ ಖಣದ ಬಟ್ಟೆಯಲ್ಲಿ ಹೊಸ ಚಂಚಿ ಹೊಲಿದು ಅದರಲ್ಲಿ ಪುಟಾಣಿ, ಒಣ ಕೊಬ್ಬರಿ ತುಂಬಿ ಕೊಟ್ಟಿದ್ದಳಂತೆ. ಕೈಗೆ ಸೊಂಟದ ಹತ್ತಿರ ಹೋಗುವ ರೂಢಿ ತಪ್ಪಲಿಲ್ಲ, ಹೋದಾಗ ಸಿಗುತ್ತಿದ್ದದ್ದು ಮಾತ್ರ ಬದಲಾಯಿತು. ಒಂದು ವರ್ಷ ಅಗಸಿ ಕಟ್ಟೆಗೆ ಸಂಜೆ ಕೂರಲು ಹೋಗಲಿಲ್ಲವಂತೆ. ಜೋಳದ ರಾಶಿ ಮಾಡುವಾಗ ಎರಡು ಸಲ ಮತ್ತೆ ತಂಬಾಕು ಹಾಕಿಕೊಂಡಿದ್ದೂ ಉಂಟಂತೆ. ಆಗ ಏನು ಮಾಡಿದಿರಿ ಅಂತ ಕೇಳಿದೆ. ಇಳಕಲ್‌ಗೆ ಅವರ ಜೊತೆ ಹೋಗಿದ್ದ ಗೆಳೆಯ ಒಬ್ಬರಿದ್ದಾರೆ, ಅವರೂ ಅವತ್ತೇ ಜೋಳಿಗೆಗೆ ಹಾಕಿದವರು. ಅವರಿಗೆ ಹೋಗಿ ಹೇಳಿದರಂತೆ. ಅವರು 'ನಂದೂ ಒಮ್ಮಿ ಆಗೇತಿ, ಬಿಡು' ಅಂದರಂತೆ. ಅಷ್ಟೇ.

ನನಗಾಗ ಐದು ವರ್ಷ. ಚಂಚಿ ಮಾಯವಾದದ್ದು ಮಾತ್ರ ಕಂಡಿತ್ತು. ಕಥೆ ಹೇಳುತ್ತಾ ಹೇಳುತ್ತಾ ಆ ಎರಡು ವರ್ಷ ಹೇಗೋ ಬಿದ್ದುಹೋಗಿದೆ, ಮೇಡಂ ಹೇಳಿದ 'ಕಡಿಮೆ ಅಂದರೂ' ಬಿದ್ದುಹೋದ ಹಾಗೆ. ಅಷ್ಟರಲ್ಲಿ ಅವ್ವ ಫೋನ್ ಕಸಿದುಕೊಂಡು, 'ಆ ಎರಡ ವರ್ಷ ಇವರ ಸಿಟ್ಟ ಯಾರ ತಡಕೊಂಡಾರ ಅದನೂ ಕೇಳು' ಅಂದಳು. ಆ ಭಾಗ ಅತಿಥಿಗಳ ಮುಂದೆ ಯಾವತ್ತೂ ಬಂದಿಲ್ಲ.

ನಮ್ಮ ನಾಲ್ಕು ಜನರಲ್ಲಿ ಇನ್ನೊಬ್ಬ ಇದ್ದ. ಸೀರೆ ಕೌಂಟರಿನವನು. ನಾನು ಕೇಳಿದ ತಕ್ಷಣ 'ನೀ ಹೇಳ್ಲಿ ಅಂತ ಕಾಯಾಕತ್ತಿದ್ದೆ' ಅಂದ. ಇಬ್ಬರೂ ಸೇರಿ ಚೀಟಿಗಳನ್ನು ಅವನ ಹೆಂಡತಿ ಕೈಗೆ ಕೊಟ್ಟೆವು. ಜೋಳಿಗೆ ಅಲ್ಲ, ಬಾಜಾರದ ಪ್ಲಾಸ್ಟಿಕ್ ಚೀಲ. ಆ್ಯಪ್ ತೆಗೆದುಹಾಕಿದ್ದೀನಿ. ಹಾಗಂತ ದಿನ ಎಣಿಸ್ತಿಲ್ಲ ಅಂದರೆ ಸುಳ್ಳು. ಇವತ್ತಿಗೆ ಆರು.

ಚಾದ ಅಂಗಡಿಯನ್ನೂ ಬದಲಾಯಿಸಿದ್ದೆವು. ಮೂರನೇ ದಿನಕ್ಕೆ ಹಳೆ ಅಂಗಡಿ ಕಾಕಾ ರಸ್ತೆ ದಾಟಿ ಬಂದು, 'ಯಾಕ್ರೀ, ಉದ್ರಿ ಏನೂ ಇಲ್ಲಲ್ಲ ನಿಮ್ದು, ಈ ಕಡೆ ಮಾರಿನ ತೋರಸವಲ್ರಿ' ಅಂತ ಕೇಳಿದರು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ವಿಚಾರ ಮಾಡಿ, 'ತಂಬಾಕು ಬಾಜೂ ಅಂಗಡ್ಯಾವಂದ್ರಿ. ನನ್ನ ಚಾ ಏನ್ ಪಾಪ ಮಾಡೇತಿ?' ಅಂದರು. ಈಗ ದಿನಾ ಐದಕ್ಕೆ ಹುಡುಗನ ಕೈಯಲ್ಲಿ ಎರಡು ಚಾ ನಮ್ಮ ಅಂಗಡಿಗೇ ಕಳಿಸ್ತಿದ್ದಾರೆ.